ರಕ್ತ ಕಡಿಮೆಯಾದ ಬೋರ್ಡು

ನಿಯಮ ಹಾಕಿಕೊಂಡು ಬದುಕುವವರಿಗೆ ಒಂದು ದೊಡ್ಡ ಅನುಕೂಲವಿದೆ. ಏನಾದರೂ ಕೆಟ್ಟುಹೋದರೆ ಅದು ತಮ್ಮಿಂದ ಆಗಿರಲಾರದು ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ. ಹಾಗಾಗಿ ತಪ್ಪು ಹುಡುಕುವ ಕೆಲಸ ಅರ್ಧ ಮುಗಿದಂತೆಯೇ. ಉಳಿದವರಲ್ಲಿ ಯಾರು ಎಂದು ತೀರ್ಮಾನಿಸಿದರೆ ಸಾಕು. ಈ ಅನುಕೂಲವನ್ನು ನಾನು ನಲವತ್ತು ವರ್ಷ ಧಾರಾಳವಾಗಿ ಅನುಭವಿಸಿದ್ದೇನೆ. ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಏಳುತ್ತೇನೆ. ಐದಕ್ಕೆ ಒಂದು ಲೋಟ ಬಿಸಿನೀರು, ಐದೂ ಕಾಲಿಗೆ ಕ್ಷೌರ, ಐದೂ ಮುಕ್ಕಾಲಿಗೆ ಇಸ್ತ್ರಿ ಹಾಕಿದ ಅಂಗಿ. ಸೋಮವಾರ ನೀಲಿ, ಮಂಗಳವಾರ ಬಿಳಿ. ನಮ್ಮ ಮನೆಯಲ್ಲಿ ಕತ್ತರಿ ಎಲ್ಲಿದೆ ಎಂದು ಯಾರೂ ಹುಡುಕುವ ಹಾಗಿಲ್ಲ, ಅದು ಇರುವ ಕಡೆಯೇ ಇರುತ್ತದೆ. ನನ್ನ ಹೆಂಡತಿ ಸುಮತಿ ಹೇಳುವ ಪ್ರಕಾರ ನಮ್ಮ ಮನೆಗೆ ಬರುವ ಕಳ್ಳನಿಗೆ ದೀಪ ಬೇಕಾಗಿಲ್ಲ, ನನ್ನ ದಿನಚರಿಯ ಒಂದು ಪ್ರತಿ ಸಾಕು.

ದುಬೈಯ ಅಲ್ ಕೂಜ್‌ನಲ್ಲಿ ಅಂಗಡಿಗಳ ಬೋರ್ಡು ಮಾಡುವ ಒಂದು ವರ್ಕ್‌ಶಾಪಿನಲ್ಲಿ ನನ್ನ ಕೆಲಸ. ವಿನೈಲ್ ಎಂಬ, ಹಿಂದೆ ಅಂಟು ಇರುವ ಪ್ಲಾಸ್ಟಿಕ್ ಹಾಳೆಯ ಮೇಲೆ ಬಣ್ಣ ಮುದ್ರಿಸಿ, ಅದನ್ನು ಅಂಗಡಿಯ ಹಣೆಗೆ ಅಂಟಿಸುತ್ತೇವೆ. ವೀಸಾದಲ್ಲಿ ನನ್ನ ಹುದ್ದೆಗೆ ಬೇರೇನೋ ಹೆಸರಿದೆ, ವರ್ಕ್‌ಶಾಪಿನಲ್ಲಿ ಎಲ್ಲರಿಗೂ ನಾನು ‘ಮಾಸ್ಟ್ರು’. ಬಣ್ಣದ ಕೊನೆಯ ಮಾತು ನನ್ನದು. ಬಣ್ಣದ ವಿಷಯದಲ್ಲಿ ಗಿರಾಕಿಗಳನ್ನು ನಂಬುವ ಹಾಗಿಲ್ಲ. ಒಬ್ಬರು ‘ಬದನೆಕಾಯಿ ಬಣ್ಣ’ ಎನ್ನುತ್ತಾರೆ. ಉಡುಪಿಯವರ ಬದನೆ ಹಸಿರು, ಪಾಕಿಸ್ತಾನದವರ ಬದನೆ ನೇರಳೆ. ಇನ್ನೊಬ್ಬರು ‘ನಮ್ಮ ಕಾರಿನ ಬಣ್ಣ’ ಎನ್ನುತ್ತಾರೆ, ಕಾರು ತೊಳೆದು ಎರಡು ವಾರ ಆಗಿರುತ್ತದೆ. ಈ ಗೊಂದಲ ತಪ್ಪಿಸಲು ಜಗತ್ತಿನ ತಿಳಿದವರು ಬಣ್ಣಗಳಿಗೆ ನಂಬರು ಕೊಟ್ಟಿದ್ದಾರೆ. ನಂಬರು ಇರುವ ಇಂಥ ನಿಗದಿತ ಬಣ್ಣಕ್ಕೆ ನಮ್ಮಲ್ಲಿ ಸ್ಪಾಟ್ ಕಲರ್ ಎನ್ನುತ್ತಾರೆ. ಅಬುಧಾಬಿಯಲ್ಲಿ ಅಚ್ಚಾದರೂ ಮಂಗಳೂರಿನಲ್ಲಿ ಅಚ್ಚಾದರೂ ಆ ನಂಬರಿಗೆ ಅದೇ ಬಣ್ಣ. ಎಲ್ಲ ನಂಬರುಗಳ ಮಾದರಿಗಳನ್ನು ಉದ್ದುದ್ದ ಪಟ್ಟಿಗಳ ಮೇಲೆ ಮುದ್ರಿಸಿ, ಒಂದು ತುದಿಗೆ ಸ್ಕ್ರೂ ಹಾಕಿ ಕಟ್ಟಿದ ಪುಸ್ತಕವೊಂದು ಸಿಗುತ್ತದೆ. ಬಿಡಿಸಿದರೆ ಬೀಸಣಿಗೆ, ಮುಚ್ಚಿದರೆ ಇಟ್ಟಿಗೆ. ನಮ್ಮ ವರ್ಕ್‌ಶಾಪಿನ ಅಂಥ ಪುಸ್ತಕ ಒಂಬತ್ತು ವರ್ಷದಿಂದ ನನ್ನ ಸುಪರ್ದಿಯಲ್ಲಿತ್ತು. ‘ವರ್ಷಕ್ಕೊಮ್ಮೆ ಹೊಸದು ತೆಗೆದುಕೊಳ್ಳಿ’ ಎಂದು ಅದರ ಬೆನ್ನ ಮೇಲೆಯೇ ಬರೆದಿತ್ತು. ಪುಸ್ತಕ ಮಾರುವವನು ಇನ್ನೇನು ಬರೆಯುತ್ತಾನೆ ಎಂದು ನಾನು ನಕ್ಕು ಬಿಟ್ಟಿದ್ದೆ. ವಸ್ತುವನ್ನು ಶಿಸ್ತಿನಿಂದ ನೋಡಿಕೊಳ್ಳದವರಿಗೆ ಹೇಳಿದ ಮಾತು ಅದು.

ಸ್ಪಾಟ್ ಕಲರ್ ಒಂದು ಕಷ್ಟವಾದರೆ ಗ್ರೇಡಿಯೆಂಟ್ ಇನ್ನೊಂದು. ಒಂದು ಬಣ್ಣ ನಿಧಾನವಾಗಿ ಕರಗುತ್ತ ಇನ್ನೊಂದಾಗುವುದಕ್ಕೆ ಆ ಹೆಸರು. ಮಾವಿನಹಣ್ಣು ತೊಟ್ಟಿನ ಹತ್ತಿರ ಹಸಿರು, ಹೊಟ್ಟೆಯ ಹತ್ತಿರ ಹಳದಿ. ನಡುವೆ ಎಲ್ಲಿ ಬದಲಾಯಿತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಮಾವಿನಹಣ್ಣಿಗೆ ಇದು ಸುಲಭ. ನಮ್ಮ ಪ್ರಿಂಟರು ಅದನ್ನು ನಾಲ್ಕು ಶಾಯಿಗಳಲ್ಲಿ ಮಾಡಬೇಕು. ಕರಗುವ ಬದಲು ಮೆಟ್ಟಿಲು ಮೆಟ್ಟಿಲಾಗಿ, ಪಟ್ಟೆ ಪಟ್ಟೆಯಾಗಿ ಇಳಿಯುತ್ತದೆ. ಈ ಪ್ರಿಂಟರನ್ನು ನಡೆಸುವವನು ಬಂಟ್ವಾಳದ ಕಡೆಯ ಹಮೀದ್. ನಲವತ್ತು ದಾಟಿದ ಸಮಾಧಾನದ ಮನುಷ್ಯ. ಮಾತು ಕಡಿಮೆ. ನಾನು ಬೈದರೆ ‘ಆಯ್ತು ಮಾಸ್ಟ್ರೇ’ ಎನ್ನುತ್ತಾನೆ, ಹೊಗಳಿದರೂ ‘ಆಯ್ತು ಮಾಸ್ಟ್ರೇ’ ಎನ್ನುತ್ತಾನೆ. ಎರಡನೆಯದನ್ನು ಅವನು ಹೆಚ್ಚು ಸಲ ಹೇಳಿಲ್ಲ.

ಹೀಗಿರುವಾಗ ಅಲ್ ಐನ್‌ನಿಂದ ಗ್ರೇಸಿ ಬಾಯಿ ಬಂದರು. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷ ನರ್ಸಾಗಿದ್ದು ಕೆಲಸ ಬಿಟ್ಟು, ಪುನರ್ಪುಳಿ ಶರಬತ್ತಿನ ಒಂದು ಸಣ್ಣ ಅಂಗಡಿ ತೆರೆಯುವವರಿದ್ದರು. ಘಟ್ಟದ ಮೇಲಿನವರು ಕೋಕಂ ಎನ್ನುವ ಅದೇ ಹಣ್ಣು. ಕುದಿಸಿ ಬೆಲ್ಲ ಹಾಕಿದರೆ ಗಾಜಿನ ಲೋಟದಲ್ಲಿ ಕೆಂಪು ರತ್ನ ಕರಗಿಸಿಟ್ಟ ಹಾಗೆ ಕಾಣುತ್ತದೆ. ಅವರಿಗೆ ಬೇಕಾಗಿದ್ದದ್ದು ಆರು ಮೀಟರ್ ಉದ್ದದ ಬೋರ್ಡು. ಕೆಳಗೆ ಗಾಢ ಪುನರ್ಪುಳಿ ಕೆಂಪಿನ ಒಂದು ಪಟ್ಟಿ, ಅದು ಸ್ಪಾಟ್ ಕಲರ್. ಅಲ್ಲಿಂದ ಮೇಲಕ್ಕೆ ಕರಗುತ್ತ ಕರಗುತ್ತ ತಿಳಿ ಗುಲಾಬಿ, ಅದು ಗ್ರೇಡಿಯೆಂಟ್. ನಂಬರನ್ನು ಚೀಟಿಯಲ್ಲಿ ಬರೆದು ತಂದಿದ್ದರು.

“ಅಣ್ಣಾ, ಬಣ್ಣ ಒಂದು ಸರಿ ಬರ್ಬೇಕು ಮಾತ್ರ,” ಎಂದರು. “ಅರಬಿಗಳಿಗೆ ಪುನರ್ಪುಳಿ ಅಂದ್ರೆ ಗೊತ್ತಿಲ್ಲ. ಪಠಾಣರಿಗೆ ಗೊತ್ತಿಲ್ಲ. ನಮ್ಮ ಬೆಂಗ್ಳೂರಿನವರಿಗೇ ಅರ್ಧ ಜನಕ್ಕೆ ಗೊತ್ತಿಲ್ಲ. ಹೆಸ್ರು ಓದಿ ಯಾರೂ ಒಳಗೆ ಬರುದಿಲ್ಲ, ಬಣ್ಣ ನೋಡಿ ಬರ್ಬೇಕು. ಮರುಭೂಮಿಯಲ್ಲಿ ಹುಳಿನೀರು ಯಾರು ಕುಡೀತಾರೆ ಅಂತ ನನ್ನ ಅಣ್ಣ, ತಮ್ಮ, ಅತ್ತಿಗೆ ಎಲ್ರೂ ಹೇಳಿ ಆಗಿದೆ.”

“ಬಾಯಮ್ಮ, ನಂಬರು ಕೊಟ್ಟಿದ್ದೀರಲ್ಲ, ಇನ್ನು ನಿಮ್ಮ ಚಿಂತೆ ನನ್ನದು,” ಎಂದೆ.

ಹಮೀದ್ ಆ ನಂಬರನ್ನು ಯಂತ್ರಕ್ಕೆ ಕೊಟ್ಟು ಅಂಗೈ ಅಗಲದ ಮಾದರಿ ಮುದ್ರಿಸಿದ. ಪುಸ್ತಕದ ಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡಿದೆ. ಗಾಢವಾಗಿತ್ತು. ಇಳಿಸು ಎಂದೆ. ಇಳಿಸಿದ. ಇನ್ನೂ ಇಳಿಸು ಎಂದೆ. ಐದನೆಯ ಮಾದರಿಗೆ ಪುಸ್ತಕಕ್ಕೂ ಮುದ್ರಣಕ್ಕೂ ಕೂದಲೆಳೆಯ ವ್ಯತ್ಯಾಸ ಉಳಿಯಲಿಲ್ಲ.

“ಮಾಸ್ಟ್ರೇ, ತೆಳು ಆಯ್ತು ಅಂತ ಕಾಣ್ತದೆ,” ಎಂದ ಹಮೀದ್.

“ಪುಸ್ತಕದಲ್ಲಿ ನೋಡು.”

“ಪುಸ್ತಕದ ಹಾಗೆಯೇ ಉಂಟು.”

“ಮತ್ತೆ?”

“ಮತ್ತೆ ಎಂತ ಇಲ್ಲ. ಆಯ್ತು ಮಾಸ್ಟ್ರೇ.”

“ಖಲಾಸ್,” ಎಂದು ನಾನು ಮಾದರಿಯ ಹಿಂದೆ ಸಹಿ ಹಾಕಿದೆ. ನಮ್ಮಲ್ಲಿ ನನ್ನ ಸಹಿಯಿಲ್ಲದೆ ಬಣ್ಣ ಹೊರಗೆ ಹೋಗುವುದಿಲ್ಲ. ಆ ನಿಯಮವನ್ನು ಮಾಡಿದವನೂ ನಾನೇ.

ಬುಧವಾರ ನಾವಿಬ್ಬರೂ ಅಲ್ ಐನ್‌ಗೆ ಹೋಗಿ ಬೋರ್ಡನ್ನು ಅಂಟಿಸಿದೆವು. ಒಂದು ಗುಳ್ಳೆಯಿಲ್ಲ, ಒಂದು ಸುಕ್ಕಿಲ್ಲ. ರಸ್ತೆಯ ಆಚೆ ಬದಿ ನಿಂತು ನೋಡುತ್ತಿದ್ದಾಗ ಗ್ರೇಸಿ ಬಾಯಿ ಪಕ್ಕಕ್ಕೆ ಬಂದು ನಿಂತರು. ಬಹಳ ಹೊತ್ತು ನೋಡಿದರು. ವಾರ್ಡಿನಲ್ಲಿ ಮಲಗಿದವರನ್ನು ನೋಡುವ ಹಾಗೆ ತಲೆ ಒಂದು ಬದಿಗೆ ವಾಲಿಸಿ ನೋಡಿದರು.

“ಅಣ್ಣಾ, ಒಂದು ಮಾತು ಹೇಳ್ಲಾ? ಬೇಸರ ಮಾಡ್ಬಾರದು.”

“ಹೇಳಿ ಬಾಯಮ್ಮ.”

“ನಿಮ್ಮ ಬೋರ್ಡಿಗೆ ರಕ್ತ ಕಡಿಮೆ ಉಂಟು.”

ಹಮೀದ್ ಏಣಿ ಮಡಚುವ ಕೆಲಸಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಗಮನ ಕೊಡತೊಡಗಿದ.

“ಇಪ್ಪತ್ತೆರಡು ವರ್ಷ ಇದನ್ನೇ ನೋಡಿದವಳು ನಾನು. ಕಣ್ಣಿನ ಕೆಳಗಿನ ರೆಪ್ಪೆ ಎಳೆದಾಗ ಈ ಬಣ್ಣ ಕಂಡ್ರೆ ನಾವು ಮನೆಗೆ ಕಳಿಸುದಿಲ್ಲ, ಅಡ್ಮಿಟ್ ಮಾಡ್ತೇವೆ,” ಎಂದು ಅವರು ಒಳಗೆ ಹೋಗಿ ಒಂದು ಕಾಗದದ ಕಪ್ಪು, ಒಂದು ಏಪ್ರನ್, ಒಂದು ಮೆನು ಕಾರ್ಡು ತಂದರು. ಕಪ್ಪು ಶಾರ್ಜಾದಲ್ಲಿ ಮಾಡಿಸಿದ್ದು, ಏಪ್ರನ್ ಅಲ್ ಐನ್‌ನದು, ಕಾರ್ಡು ಮಂಗಳೂರಿನ ಪ್ರೆಸ್ಸಿನದು. ಮೂವರಿಗೂ ಅದೇ ನಂಬರು ಕೊಟ್ಟಿದ್ದರಂತೆ. ಮೂರೂ ಗಾಢವಾಗಿ, ಒಂದರ ಹಾಗೆ ಒಂದು ಇದ್ದವು. ನಾನು ಚೀಲದಿಂದ ಪುಸ್ತಕ ತೆಗೆದು ಪಟ್ಟಿ ಬಿಡಿಸಿ ತೋರಿಸಿದೆ. ಪುಸ್ತಕಕ್ಕೂ ಬೋರ್ಡಿಗೂ ಅವಳಿ ಮಕ್ಕಳಷ್ಟು ಹೋಲಿಕೆ.

“ಅವರು ಮೂವರೂ ತಪ್ಪು ಮಾಡಿದ್ದಾರೆ,” ಎಂದೆ.

“ಮೂವರೂ ಒಂದೇ ನಮೂನೆ ಹೇಗೆ ತಪ್ಪು ಮಾಡ್ತಾರೆ ಅಣ್ಣಾ?”

“ಮೂರು ಹುಡುಗರ ಉತ್ತರ ಒಂದೇ ಥರ ಇದ್ದರೆ ನಕಲು ಹೊಡೆದಿದ್ದಾರೆ ಎಂದು ಅರ್ಥ.”

ಈ ವಾಕ್ಯವನ್ನು ಹೇಳಿ ಮುಗಿಸುವಾಗಲೇ ಶಾರ್ಜಾ, ಅಲ್ ಐನ್, ಮಂಗಳೂರುಗಳು ಒಂದೇ ಬೆಂಚಿನಲ್ಲಿ ಕೂತಿಲ್ಲ ಎಂಬುದು ನನಗೂ ಹೊಳೆಯಿತು. ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನನ್ನ ದಿನಚರಿಯಲ್ಲಿ ಇರಲಿಲ್ಲ. ಗ್ರೇಸಿ ಬಾಯಿ ಜಗಳ ಆಡಲಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. “ಬರುವ ವಾರದ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಪಾದ್ರಿಯವರು ಬಂದು ಆಶೀರ್ವಾದ ಮಾಡ್ತಾರೆ. ನನ್ನೊಟ್ಟಿಗೆ ಕೆಲಸ ಮಾಡಿದವರೆಲ್ಲ ಬರ್ತಾರೆ. ಎಲ್ರೂ ನರ್ಸುಗಳು. ಒಬ್ಬಳಾದ್ರೂ ಈ ಬೋರ್ಡನ್ನು ಸುಮ್ಮನೆ ಬಿಡ್ತಾಳಾ?” ಎಂದರು. ಅವರ ಧ್ವನಿ ಸ್ವಲ್ಪ ಇಳಿದಿತ್ತು. “ಬಣ್ಣ ಒಂದೇ ಅಣ್ಣಾ ನನ್ನ ಹತ್ರ ಇರುದು.”

ಅಪರಾಧದ ಸಾಕ್ಷಿ ಎಂದು ಆ ಕಪ್ಪನ್ನು ಕೇಳಿ ತೆಗೆದುಕೊಂಡು ದುಬೈಗೆ ಮರಳಿದೆ. ಗುರುವಾರವಿಡೀ ತನಿಖೆ ನಡೆಯಿತು. ಪ್ರಿಂಟರಿನ ಶಾಯಿ ಬದಲಾಗಿರಬಹುದೆಂದು ಹೊಸ ಬಾಟಲಿ ಹಾಕಿಸಿದೆ. ವಿನೈಲ್ ರೋಲು ಬೇರೆ ತರಿಸಿದೆ. ಕೋಣೆಯ ಏಸಿ ಎರಡು ಡಿಗ್ರಿ ಹೆಚ್ಚಿಸಿ ನೋಡಿದೆ, ಎರಡು ಡಿಗ್ರಿ ಇಳಿಸಿ ನೋಡಿದೆ. ಟ್ಯೂಬ್‌ಲೈಟು ಒರೆಸಿಸಿದೆ. ಹಮೀದ್ ಎಲ್ಲದಕ್ಕೂ ‘ಆಯ್ತು ಮಾಸ್ಟ್ರೇ’ ಎಂದ. ಸಂಜೆ ಕೆಲಸ ಮುಗಿದ ಮೇಲೆ ಎಂದಿನಂತೆ ಬಣ್ಣದ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಮನೆಗೆ ಏಕೆ ತಂದೆ ಎಂಬುದನ್ನು ಇಲ್ಲಿ ಹೇಳಬೇಕು. ನಾನು ಬೆಳೆದದ್ದು ಕರಾವಳಿಯ ಒಂದು ಬೋರ್ಡಿಂಗ್ ಶಾಲೆಯ ಹಾಸ್ಟೆಲಿನಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ನಗುವುದನ್ನು ನಿಲ್ಲಿಸಬೇಕು. ನಮ್ಮ ವಾರ್ಡನ್ನರಿಗೆ ಜಗತ್ತಿನಲ್ಲಿ ಒಬ್ಬನೇ ಶತ್ರು, ಬೂಷ್ಟು. ಜೂನ್ ತಿಂಗಳಲ್ಲಿ ಟ್ರಂಕಿನೊಳಗಿಟ್ಟ ಬೆಲ್ಟಿಗೆ ಆಗಸ್ಟಿನಲ್ಲಿ ಹಸಿರು ಗಡ್ಡ ಬಂದಿರುತ್ತಿತ್ತು. ಪುಸ್ತಕ ತೆರೆದರೆ ಅಕ್ಷರಗಳಿಗಿಂತ ಮೊದಲು ಬೂಷ್ಟು ಕಾಣುತ್ತಿತ್ತು. ಆದ್ದರಿಂದ ಮಳೆ ಬಿಟ್ಟ ಮೊದಲ ಶನಿವಾರದಿಂದ ಶುರುವಾಗಿ ಪ್ರತಿ ವಾರ, ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ, ಹಾಸಿಗೆ, ಟ್ರಂಕು, ಪುಸ್ತಕ, ಚಪ್ಪಲಿ ಎಲ್ಲವನ್ನೂ ಅಂಗಳದಲ್ಲಿ ಬಿಸಿಲಿಗೆ ಹರಡಬೇಕು. ವಾರ್ಡನ್ನರು ಕೋಲು ಹಿಡಿದು ಸಾಲಿನ ನಡುವೆ ನಡೆಯುತ್ತ, “ಬಿಸಿಲು ಕಾಣದ್ದು ಬಾಳುವುದಿಲ್ಲ,” ಎನ್ನುತ್ತಿದ್ದರು. ಈ ಮಾತು ನನ್ನ ಮೂಳೆಯಲ್ಲಿ ಇಳಿದಿದೆ. ದುಬೈಗೆ ಬಂದ ಮೇಲೂ ನನ್ನ ರಜಾದಿನವಾದ ಶುಕ್ರವಾರ ಎಂಟರಿಂದ ಒಂಬತ್ತು, ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಬಾಲ್ಕನಿಯಲ್ಲಿ ಬೆಲೆಬಾಳುವ ವಸ್ತುಗಳಿಗೆ ಬಿಸಿಲು ಕಾಣಿಸುತ್ತೇನೆ. ಪಾಸ್‌ಪೋರ್ಟುಗಳು, ಶೂಗಳು, ಮತ್ತು ವರ್ಕ್‌ಶಾಪಿನ ಆ ಬಣ್ಣದ ಪುಸ್ತಕ. ಪಟ್ಟಿಗಳನ್ನು ಬೀಸಣಿಗೆಯಂತೆ ಬಿಡಿಸಿ ಹಪ್ಪಳದ ಹಾಗೆ ಹರಡುತ್ತೇನೆ. ಒಂಬತ್ತು ವರ್ಷದಲ್ಲಿ ಒಂದು ಶುಕ್ರವಾರ ತಪ್ಪಿಸಿಲ್ಲ; ಊರಿಗೆ ಹೋದ ತಿಂಗಳು ಮಾತ್ರ ಪುಸ್ತಕ ಬೀರುವಿನಲ್ಲಿ ಕತ್ತಲೆ ತಿನ್ನುತ್ತಿತ್ತು, ಬಂದ ಮೇಲೆ ಆ ಕೊರತೆಯನ್ನೂ ತುಂಬುತ್ತಿದ್ದೆ. ಪುಸ್ತಕಕ್ಕೆ ಒಂದು ಚುಕ್ಕೆ ಬೂಷ್ಟು ಹಿಡಿಯಲಿಲ್ಲ. ದುಬೈಯಲ್ಲಿ ಯಾವುದಕ್ಕೂ ಹಾಗೆ ಬೂಷ್ಟು ಹಿಡಿಯುವುದಿಲ್ಲ ಎಂಬುದನ್ನು ನಾನು ಗಮನಿಸಿರಲಿಲ್ಲ. ನನ್ನ ಪದ್ಧತಿಗೆ ಸಿಕ್ಕ ಜಯ ಎಂದೇ ತಿಳಿದಿದ್ದೆ.

ಆ ಶುಕ್ರವಾರವೂ ಹರಡಿದೆ. ಸುಮತಿ ಒಗೆದ ಬಟ್ಟೆ ತಂದಳು. ನಮ್ಮ ಕಟ್ಟಡದ ನಿಯಮದ ಪ್ರಕಾರ ಬಟ್ಟೆ ಹೊರಗಿನಿಂದ ಕಾಣಬಾರದು, ಹಾಗಾಗಿ ಕಂಬಿಗಿಂತ ತಗ್ಗಿನ ಒಂದು ಸ್ಟ್ಯಾಂಡಿದೆ. ನಾನು ಸಹಾಯ ಮಾಡಲೆಂದು ಅವಳ ಕೆಂಪು ಸೀರೆಯನ್ನು ತೆಗೆದು ಬಿಸಿಲು ಬೀಳುವ ಬದಿಗೆ ಹಾಕಿದೆ.

“ಅಯ್ಯೋ, ಅದನ್ನು ಈಚೆ ನೆರಳಿಗೆ ಹಾಕಿ ಮಾರಾಯ್ರೆ,” ಎಂದಳು.

“ಬಿಸಿಲು ಕಾಣದ್ದು ಬಾಳುವುದಿಲ್ಲ.”

“ಸೀರೆ ಬಾಳ್ತದೆ, ಬಣ್ಣ ಬಾಳುದಿಲ್ಲ. ಈ ಊರಿನ ಬಿಸಿಲಿಗೆ ಎರಡು ವಾರ ಹಾಕಿದ್ರೆ ಕೆಂಪು ಸೀರೆ ಗುಲಾಬಿ ಆಗ್ತದೆ. ಬಣ್ಣದ್ದನ್ನು ಯಾರಾದ್ರೂ ಬಿಸಿಲಿಗೆ...” ಎನ್ನುತ್ತ ಅವಳು ನಿಲ್ಲಿಸಿದಳು. ಅವಳ ಕಣ್ಣು ನೆಲದ ಮೇಲೆ ಹರಡಿದ್ದ ಪುಸ್ತಕದ ಮೇಲಿತ್ತು. ನನ್ನ ಕಣ್ಣೂ ಅಲ್ಲಿಗೇ ಹೋಯಿತು. ಕೆಳಗೆ ಯಾರದೋ ಕಾರು ಹಿಂದಕ್ಕೆ ಹೋಗುತ್ತ ಪೀಂ ಪೀಂ ಎನ್ನುತ್ತಿತ್ತು.

ಸುಮತಿಯೇ ಬಗ್ಗಿ ಪುಸ್ತಕ ಎತ್ತಿಕೊಂಡು, ನಾನು ತೋರಿಸಿದ ಪುನರ್ಪುಳಿ ನಂಬರಿನ ಪಟ್ಟಿಯನ್ನು ಪೂರ್ತಿ ಹೊರಗೆ ತಿರುಗಿಸಿದಳು. ಸ್ಕ್ರೂವಿನ ಹತ್ತಿರ, ಪಕ್ಕದ ಪಟ್ಟಿಯ ಅಡಿಯಲ್ಲಿ ಸದಾ ಮುಚ್ಚಿರುತ್ತಿದ್ದ ಜಾಗದಲ್ಲಿ, ಉಗುರಿನಷ್ಟು ಅಗಲದ ಒಂದು ಅರ್ಧಚಂದ್ರ ಗಾಢ ಕೆಂಪಾಗಿತ್ತು. ಗೋಡೆಯ ಹಳೆಯ ಕ್ಯಾಲೆಂಡರ್ ತೆಗೆದಾಗ ಹಿಂದಿನಿಂದ ಗೋಡೆಯ ನಿಜವಾದ ಬಣ್ಣ ಕಾಣುತ್ತದಲ್ಲ, ಹಾಗೆ. ನಾನು ಒಳಗೆ ಹೋಗಿ ಗ್ರೇಸಿ ಬಾಯಿಯ ಕಪ್ಪನ್ನು ತಂದೆ. ಅರ್ಧಚಂದ್ರಕ್ಕೂ ಕಪ್ಪಿಗೂ ಏನೂ ವ್ಯತ್ಯಾಸವಿರಲಿಲ್ಲ.

“ಲೋಕದ ಬಣ್ಣವನ್ನೆಲ್ಲ ಒಟ್ಟಿಗೆ ಒಣಗಿಸಿದ್ರಿ,” ಎಂದಳು ಸುಮತಿ. ನಗು ತಡೆಯಲಾರದೆ ಸ್ಟ್ಯಾಂಡು ಹಿಡಿದುಕೊಂಡಳು. “ನನ್ನ ಎರಡು ಸೀರೆ ಹಾಳಾದಾಗಲೇ ಹೇಳಿದ್ದೆ. ಸೋಪು ಸರಿ ಇಲ್ಲ ಅಂದ್ರಿ.”

ನನ್ನ ಮುಂದೆ ಒಂಬತ್ತು ವರ್ಷದ ಬೋರ್ಡುಗಳು ಮೆರವಣಿಗೆ ಹೊರಟವು. ಕಿರಾಣಿ ಅಂಗಡಿಗಳು, ಸಲೂನುಗಳು, ಟೈಲರುಗಳು, ಎಲ್ಲರೂ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಬಿಳಿಚಿಕೊಳ್ಳುತ್ತ ಬಂದವರು. ಯಾರೂ ದೂರಲಿಲ್ಲ. ಈ ದೇಶದ ಬಿಸಿಲಿಗೆ ಎಲ್ಲ ಬೋರ್ಡುಗಳೂ ಎರಡು ಮೂರು ಬೇಸಿಗೆಯಲ್ಲಿ ಮಾಸುತ್ತವೆ. ನಮ್ಮವು ಹುಟ್ಟುವಾಗಲೇ ಎರಡು ಬೇಸಿಗೆ ಕಂಡಿರುತ್ತಿದ್ದವು, ಅಷ್ಟೇ.

ಶನಿವಾರ ಹಮೀದನನ್ನು ಕರೆದು ಬಾಗಿಲು ಮುಚ್ಚಿ, ಪುಸ್ತಕ ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

“ನಿನಗೆ ಗೊತ್ತಿತ್ತಾ?”

“ಬಿಸಿಲಿಗೆ ಇಡ್ತೀರಿ ಅಂತ ಗೊತ್ತಿರ್ಲಿಲ್ಲ. ಪುಸ್ತಕ ಮಾಸಿದೆ ಅಂತ ಗೊತ್ತಿತ್ತು.”

“ಹೇಳಬಾರದಿತ್ತಾ?”

“ಹೇಳಿದ್ದೆ ಮಾಸ್ಟ್ರೇ. ಎರಡು ಸಲ. ಎರಡು ಸಲವೂ ನನ್ನನ್ನು ಕಣ್ಣು ಪರೀಕ್ಷೆಗೆ ಕಳಿಸಿದ್ರಿ.”

ಹೌದು, ಕಳಿಸಿದ್ದೆ. ರಜೆ ಕೊಟ್ಟು, ಟ್ಯಾಕ್ಸಿ ಹಿಡಿಸಿ ಕಳಿಸಿದ್ದೆ. ಮೂರನೆಯ ಸಲ ಕಳಿಸುವ ಯೋಚನೆಯೂ ಇತ್ತು.

“ನೀವು ಊರಿಗೆ ಹೋದ ತಿಂಗಳು ನಾನು ಯಂತ್ರ ಹೇಳಿದ ಬಣ್ಣವನ್ನೇ ಮುದ್ರಿಸ್ತೇನೆ,” ಎಂದು ಅವನೇ ಮುಂದುವರಿಸಿದ, ಈ ದಿನ ಬಿಟ್ಟರೆ ಇನ್ನು ಸಿಗುವುದಿಲ್ಲ ಎನ್ನುವವನ ಹಾಗೆ. “ಆಗಿನ ಬೋರ್ಡುಗಳನ್ನು ನೀವು ಬಂದು ನೋಡಿ, ‘ನಾನಿಲ್ಲದಿದ್ರೆ ಬಣ್ಣ ಮೈಮೇಲೆ ಬರ್ತದೆ’ ಅಂತ ಬೈತೀರಿ.”

“ಆಯ್ತು ಹಮೀದ್,” ಎಂದೆ. ಆ ಮಾತನ್ನು ಆ ಬದಿಯಿಂದ ಹೇಳುವುದು ಅಷ್ಟು ಸುಲಭವಲ್ಲ ಎಂದು ತಿಳಿಯಿತು.

ನನ್ನ ತಿದ್ದುಪಡಿಗಳನ್ನೆಲ್ಲ ಅಳಿಸಿ, ನಂಬರಿನ ಶುದ್ಧ ಬಣ್ಣವನ್ನು ಮುದ್ರಿಸಿದೆವು. ಮೊದಲ ಮಾದರಿಯೇ ಗ್ರೇಸಿ ಬಾಯಿಯ ಕಾಗದದ ಕಪ್ಪಿನ ಹಾಗೆ ಬಂತು. ಆದರೆ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಮೊದಲಿನ ಬೋರ್ಡು ಬಿಳಿಚಿದ ಕೆಂಪಿನಿಂದ ಗುಲಾಬಿಗೆ ಇಳಿದರೆ ಸಾಕಿತ್ತು, ಸಣ್ಣ ಇಳಿಜಾರು. ಈಗ ಗಾಢ ಕೆಂಪಿನಿಂದ ಅದೇ ತಿಳಿ ಗುಲಾಬಿಗೆ, ಅದೇ ಎತ್ತರದೊಳಗೆ ಬರಬೇಕು. ಮಧ್ಯದಲ್ಲಿ ಪಟ್ಟೆಗಳು ಎದ್ದವು. ನಾನು ಯಂತ್ರ ಸ್ವಚ್ಛ ಮಾಡಿಸಿದೆ, ಮತ್ತೆ ಪಟ್ಟೆ. ಮತ್ತೆ ಸ್ವಚ್ಛ ಮಾಡಿಸಿದೆ, ಇನ್ನೂ ಚೊಕ್ಕವಾದ ಪಟ್ಟೆ.

“ಸ್ವಲ್ಪ ಕಸ ಹಾಕ್ಬೇಕು ಮಾಸ್ಟ್ರೇ,” ಎಂದ ಹಮೀದ್.

“ಏನು ಹಾಕಬೇಕು?”

“ಕಸ. ಈಗ ಚುಕ್ಕೆಗಳೆಲ್ಲ ಲೈನಿನಲ್ಲಿ ನಿಂತಿವೆ, ನಿಮ್ಮ ಹಾಸ್ಟೆಲಿನ ಹುಡುಗರ ಹಾಗೆ. ಎಲ್ಲಿ ಒಂದು ಸಾಲು ಮುಗಿದು ಇನ್ನೊಂದು ಶುರುವಾಯ್ತು ಅಂತ ಕಣ್ಣಿಗೆ ಹೊಡೀತದೆ. ಫೈಲಿನಲ್ಲಿ ಸಣ್ಣ ಮರಳಿನ ಹಾಗೆ ಚುಕ್ಕೆ ಉದುರಿಸಿದ್ರೆ ಸಾಲು ಕೆಡ್ತದೆ. ಸಾಲು ಕೆಟ್ಟರೆ ಪಟ್ಟೆ ಕಾಣುದಿಲ್ಲ.”

ನಲವತ್ತು ವರ್ಷ ಕಸ ತೆಗೆದವನು ನಾನು. ಬೇಕೆಂದೇ ಕಸ ಹಾಕುವುದಕ್ಕೆ ಒಪ್ಪಿಗೆ ಕೇಳಿದವನು ಜೀವನದಲ್ಲಿ ಇವನೊಬ್ಬನೇ. ಬೇರೆ ದಿನವಾಗಿದ್ದರೆ ಮೂರನೆಯ ಕಣ್ಣು ಪರೀಕ್ಷೆ ಅವತ್ತೇ ನಡೆಯುತ್ತಿತ್ತು. ‘ಹಾಕು’ ಎಂದು ಹೇಳಿ ಬೇರೆ ಕಡೆ ನೋಡುತ್ತ ನಿಂತೆ. ಹಾಳೆ ಹೊರಗೆ ಬಂತು. ಹತ್ತಿರದಿಂದ ನೋಡಿದರೆ ರವೆ ಚೆಲ್ಲಿದ ಹಾಗಿತ್ತು. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಕೆಂಪು ಎಲ್ಲಿ ಮುಗಿಯಿತು, ಗುಲಾಬಿ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವಂತಿರಲಿಲ್ಲ. ನಾನು ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿದೆ, ಅಷ್ಟು ಚೆನ್ನಾಗಿತ್ತು.

ಬುಧವಾರ ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸುವ ಮೊದಲೇ ಗ್ರೇಸಿ ಬಾಯಿಗೆ ತಪ್ಪೊಪ್ಪಿಗೆ ಮಾಡಿದೆ. ಅವರು ಕುರ್ಚಿಯಲ್ಲಿ ಕೂರಿಸಿ, ರೋಗದ ಇತಿಹಾಸ ಬರೆದುಕೊಳ್ಳುವ ಹಾಗೆ ಕೇಳಿದರು. “ಎಷ್ಟು ವರ್ಷದಿಂದ ಉಂಟು?” “ಒಂಬತ್ತು.” “ವಾರಕ್ಕೆ ಎಷ್ಟು ಸಲ?” “ಒಂದು ಸಲ.” “ಎಷ್ಟು ಹೊತ್ತು?” “ಒಂದು ಗಂಟೆ.” “ಮನೆಯವರಿಗೆ ಗೊತ್ತುಂಟಾ?” “ಈಗ ಗೊತ್ತಾಗಿದೆ.” ಅವರು ಗಂಭೀರವಾಗಿ ತಲೆಯಾಡಿಸಿ, “ಬೇಗ ಗೊತ್ತಾಗಿದ್ರೆ ಇಷ್ಟು ಆಗ್ತಿರ್ಲಿಲ್ಲ,” ಎಂದರು. ಆಮೇಲೆ ಮುಖ ಮುಚ್ಚಿಕೊಂಡು ನಗಲಾರಂಭಿಸಿದವರು ಹಮೀದ್ ಏಣಿ ಹತ್ತಿ ಅರ್ಧ ಬೋರ್ಡು ಅಂಟಿಸುವವರೆಗೂ ನಿಲ್ಲಿಸಲಿಲ್ಲ. ಪೂರ್ತಿ ಅಂಟಿಸಿದ ಮೇಲೆ ಮಾತ್ರ ನಗು ನಿಂತಿತು. ಕಪ್ಪನ್ನು ಕೈಯಲ್ಲಿ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಬೋರ್ಡಿನ ಪಕ್ಕಕ್ಕೆ ತಂದು ನೋಡಿದರು. “ಡಿಸ್ಚಾರ್ಜ್ ಮಾಡಬಹುದು,” ಎಂದರು.

ಶುಕ್ರವಾರ ಸುಮತಿಯನ್ನೂ ಹಮೀದನನ್ನೂ ಕರೆದುಕೊಂಡು ಅಲ್ ಐನ್‌ಗೆ ಹೋದೆ. ಪಾದ್ರಿಯವರು ನೀರು ಚಿಮುಕಿಸಿದರು. ನರ್ಸುಗಳ ದೊಡ್ಡ ಗುಂಪು ಬಂದಿತ್ತು. ಅವರೆಲ್ಲ ಬೋರ್ಡಿನ ಕಡೆ ತಲೆ ವಾಲಿಸಿ ನೋಡಿದರು. ಯಾರೂ ಏನೂ ಹೇಳಲಿಲ್ಲ, ಒಳಗೆ ನುಗ್ಗಿದರು. ಆಮೇಲೆ ಆಚೆ ಬದಿಯಲ್ಲಿ ಹೋಗುತ್ತಿದ್ದ ಒಂದು ಬಿಳಿ ಗಾಡಿ ನಿಧಾನವಾಯಿತು, ಸ್ವಲ್ಪ ಮುಂದೆ ಹೋಗಿ ತಿರುಗಿ ಬಂತು. ಅದರಿಂದ ಇಳಿದ ಅರಬಿ ಹಿರಿಯರು ಬೋರ್ಡನ್ನು ಕಣ್ಣು ಕಿರಿದು ಮಾಡಿ ನೋಡಿ, ಹೆಸರು ಓದುವ ಗೋಜಿಗೆ ಹೋಗದೆ, ಆ ಕೆಂಪನ್ನು ಬೆರಳಿನಿಂದ ತೋರಿಸಿ ಇದೇನು ಎಂದು ಕೇಳಿದರು. ಗ್ರೇಸಿ ಬಾಯಿ ಒಂದು ಲೋಟ ಕೈಗೆ ಕೊಟ್ಟರು. ಅವರು ಒಂದು ಗುಟುಕು ಕುಡಿದರು, ಹುಳಿಗೆ ಮುಖ ಸ್ವಲ್ಪ ಹಿಂಡಿದರು, ಆಮೇಲೆ ಗಾಡಿಯಲ್ಲಿದ್ದ ಮನೆಯವರಿಗೆಂದು ಇನ್ನೂ ಐದು ಲೋಟ ಕೇಳಿದರು. ಗ್ರೇಸಿ ಬಾಯಿ ನನ್ನ ಕಡೆ ನೋಡಿದ ನೋಟದಲ್ಲಿ ಅಣ್ಣ, ತಮ್ಮ, ಅತ್ತಿಗೆ ಮೂವರಿಗೂ ಉತ್ತರವಿತ್ತು.

ನನಗೂ ಒಂದು ಗಾಜಿನ ಲೋಟ ತುಂಬಿಸಿ ಕೊಟ್ಟರು. ಕೈ ತಾನಾಗಿಯೇ ಲೋಟವನ್ನು ಬೆಳಕಿಗೆ ಎತ್ತಿ ಹಿಡಿಯಿತು. ಬೋರ್ಡಿನ ಪಟ್ಟಿಗಿಂತ ಅದು ಎರಡು ನಂಬರು ತಿಳಿಯಾಗಿತ್ತು. ಇನ್ನೂ ನಾಲ್ಕು ನಿಮಿಷ ಕುದಿಸಿದ್ದರೆ ಸರಿಹೋಗುತ್ತಿತ್ತು. ಈ ವಿಷಯವನ್ನು ಗ್ರೇಸಿ ಬಾಯಿಯ ಗಮನಕ್ಕೆ ತರುವುದು ನನ್ನ ಕರ್ತವ್ಯ ಎಂದು ಬಾಯಿ ತೆರೆಯುವಷ್ಟರಲ್ಲಿ ಒಂದು ಬದಿಯಿಂದ ಸುಮತಿ, ಇನ್ನೊಂದು ಬದಿಯಿಂದ ಹಮೀದ್ ನನ್ನನ್ನೇ ನೋಡುತ್ತಿರುವುದು ಕಂಡಿತು. ತೆರೆದ ಬಾಯಿಯನ್ನು ವ್ಯರ್ಥ ಮಾಡುವುದು ಬೇಡವೆಂದು ಲೋಟವನ್ನು ಎತ್ತಿ ಕುಡಿದೆ. ಚೆನ್ನಾಗಿತ್ತು.

ಇನ್ನೊಂದು ಲೋಟ ಕೇಳಿದೆ. ಬರೇ ಹೋಲಿಸಿ ನೋಡುವುದಕ್ಕೆ.